ಮೂರು ಗೆರೆಯ ಕೋಲು

ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಮುಖವಲ್ಲ, ಕಾಲು. ಖಾಕಿ ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿ, ಚಪ್ಪಲಿಯನ್ನು ಬಾನೆಟ್ಟಿನ ಮೇಲಿಟ್ಟು, ರಸ್ತೆಯ ನಡುವಿನ ಕೆಂಪು ನೀರಿಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದ ಎರಡು ಸಣಕಲು ಕಾಲು. ಹಿಂದೆ ಪಿಕಪ್ಪಿನೊಳಗೆ ಕೂತು, ಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಿದ್ದವನು ನಾನು.

ನಾನು ಆಗ ತುರುವೇಕೆರೆ ಸೀಮೆಯ ಒಂದು ದನದ ಆಸ್ಪತ್ರೆಯಲ್ಲಿ ಡಾಕ್ಟರು. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ಕಾಲೇಜು ಬಿಟ್ಟು ಎರಡು ವರ್ಷವಾಗಿರಲಿಲ್ಲ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ ಖಾಯಮ್ಮಾಗಿ ಕೂತಿತ್ತು. ಅವರು ಆಸ್ಪತ್ರೆಯ ಪಿಕಪ್ಪಿನ ಡ್ರೈವರು. ನನಗಿಂತ ಹೆಚ್ಚುಕಮ್ಮಿ ಮೂವತ್ತು ವರ್ಷಕ್ಕೆ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಡ್ರೈವರನ್ನು ಹಾಗೆ ಕರೆಯುವುದು ಆಗಿನ ವಾಡಿಕೆ ಎಂದು ಸಬೂಬು ಹೇಳಬಹುದು. ಈಗ ಬರೆಯಲು ಕೂತರೆ ಆ ಏಕವಚನ ಕೈಗೆ ಬರುವುದಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಅವರ ಹೆಸರು ಒಂದು ಸರ್ಕಾರಿ ಕಾಗದದಲ್ಲಿ ನನ್ನ ಅಕ್ಷರದಲ್ಲೇ ಇದೆ. ಅಲ್ಲಿ ಅದಕ್ಕಾದ ಅವಮಾನ ಸಾಕು.

ಕೋಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಒಣಗಿದ ತೆಂಗಿನ ಗರಿಯ ದಿಂಡನ್ನು ಸವರಿ ಮಾಡಿಕೊಂಡ, ಎದೆಮಟ್ಟದ ಕೋಲು ಅದು. ಯಾವಾಗಲೂ ಸೀಟಿನ ಹಿಂದೆ ಮಲಗಿರುತ್ತಿತ್ತು. ಅದರ ಮೇಲೆ ಚಾಕುವಿನಲ್ಲಿ ಕೊರೆದ ಮೂರು ಗೆರೆ. ನೀರಿಗೆ ಕೋಲು ಊರಿ, ಒದ್ದೆ ಎಲ್ಲಿಗೆ ಬಂದಿದೆ ಎಂದು ನೋಡಿ ಅವರು ತೀರ್ಪು ಕೊಡುತ್ತಿದ್ದರು. ಕೆಳಗಿನ ಗೆರೆ ಚಕ್ರದ ನಡುವಿನ ಗುಂಬದ ಮಟ್ಟ. "ಇಲ್ಲಿಗಂಟ ಇದ್ರೆ ಹಾಡು ಹೇಳ್ಕಂಡು ಹೋಗಬೌದು ಸಾ." ನಡುವಿನ ಗೆರೆ ಇಂಜಿನ್ನಿನ ಮುಂದಿರುವ ಫ್ಯಾನಿನ ಮಟ್ಟ. "ಇಲ್ಲಿಗೆ ಬಂದ್ರೆ ಫ್ಯಾನು ನೀರನ್ನ ಎತ್ತೆತ್ತಿ ವೈರುಗಳ ಮ್ಯಾಲೆ ಎರಚ್ತದೆ. ಬೆಲ್ಟು ಬಿಚ್ಚಿ, ಫ್ಯಾನು ನಿಲ್ಸಿ, ಆಮೇಲೆ ಇಳೀಬೇಕು." ಮೇಲಿನ ಗೆರೆ ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಯ ಮಟ್ಟ. ಅದರ ಬಗ್ಗೆ ಹೆಚ್ಚು ಮಾತಿಲ್ಲ. "ಇಲ್ಲಿಗೆ ಬಂದ್ರೆ ಮನೆಗೆ ಹೋಗದು."

ನಮ್ಮ ಕಾಂಪೌಂಡರು ಅವರಿಗೆ 'ನೀರುಗಂಟಿ' ಎಂದು ಹೆಸರಿಟ್ಟಿದ್ದ. ಕೆರೆಯ ತೂಬು ಎತ್ತಿ ತೋಟ-ಗದ್ದೆಗಳಿಗೆ ಪಾಳಿಯ ಪ್ರಕಾರ ನೀರು ಬಿಡುವವನು ನೀರುಗಂಟಿ. ಗೇಲಿಗೆ ಇಟ್ಟ ಹೆಸರು. ಆದರೆ ಅವರಪ್ಪ ಕಂದಿಕೆರೆ ಕಡೆಯ ಒಂದು ಕೆರೆಗೆ ನಿಜಕ್ಕೂ ನೀರುಗಂಟಿಯಾಗಿದ್ದವರು. ಹಾಗಾಗಿ ಅವರಿಗೆ ಬೇಜಾರಿರಲಿಲ್ಲ. "ನಮ್ಮಪ್ಪ ನೀರು ಬುಡ್ತಿದ್ದ, ನಾನು ನೀರಿಗೆ ಇಳೀತೀನಿ. ಅಳತೆ ತಪ್ಪಿದ್ರೆ ಇಬ್ರಿಗೂ ಉಗಿಯೋರೇಯ ಕಣಪ್ಪ" ಎನ್ನುತ್ತಿದ್ದರು.

ನೀರಿಗಿಳಿಯುವ ಮೊದಲು ಅವರು ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಬಾಯಲ್ಲಿದ್ದ ಎಲೆಯಡಿಕೆಯನ್ನು ಪೂರ್ತಿ ಉಗಿದು, ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದೆ. "ಬಾಯಿ ಆಡ್ತಾ ಇದ್ರೆ ಕಿವಿ ಕೇಳಾಕಿಲ್ಲ ಸಾ" ಎಂದರು. ನೀರಿನೊಳಗೆ ಗಾಡಿ ಹೋಗುತ್ತಿರುವಾಗ ಅವರು ಕಿವಿಯಿಂದಲೇ ಓಡಿಸುತ್ತಿದ್ದರು. ಆಗ ಯಾರಾದರೂ ಕೆಮ್ಮಿದರೂ ಕೆಂಗಣ್ಣು ಬಿಡುತ್ತಿದ್ದರು, ನಾನು ಕೆಮ್ಮಿದರೂ ಸಹ.

ದಾಟಿದ ಮೇಲೂ ಮುಗಿಯುತ್ತಿರಲಿಲ್ಲ ಅವರ ಶಾಸ್ತ್ರ. ಬ್ರೇಕು ಒದ್ದೆಯಾಗಿರುತ್ತದೆಂದು ಒಂದು ಫರ್ಲಾಂಗು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಮೆಲ್ಲಗೆ ಹೋಗುವುದು. ಆಮೇಲೆ ನಿಲ್ಲಿಸಿ, ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಮುಂಗೈಗೆ ಒರೆಸಿ ಬಿಸಿಲಿಗೆ ಹಿಡಿಯುವುದು. ಎಣ್ಣೆ ಕಪ್ಪಗಿದ್ದರೆ ಸರಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ. ಒಮ್ಮೆ ನೊಣವಿನಕೆರೆಯ ಹೋಟೆಲಿನಲ್ಲಿ ಕಾಫಿ ಬಂದಾಗ ಲೋಟದೊಳಗೆ ಇಣುಕಿ, "ಏನಪ್ಪಾ, ಇದಕ್ಕೂ ನೀರು ಹೊಕ್ಕಂಡೈತಲ್ಲ?" ಎಂದು ಮಾಲೀಕನನ್ನು ಕೇಳಿದರು. ಹೋಟೆಲೆಲ್ಲ ನಕ್ಕಿತು. ಅವರು ನಗಲಿಲ್ಲ, ಕಾಫಿ ವಾಪಸು ಕಳಿಸಿದರು.

ಅದೇ ನೊಣವಿನಕೆರೆ ರಸ್ತೆಯ ಒಂದು ತಗ್ಗಿನಲ್ಲಿ ಒಂದು ಮಳೆಗಾಲದ ಬೆಳಗ್ಗೆ ನಾವು ನಿಂತಿದ್ದೆವು. ಅವರು ಕೋಲು ಹಿಡಿದು ನೀರೊಳಗೆ. ಹಿಂದೆ ಒಂದು ಬಸ್ಸು ಬಂದು ಹಾರನ್ನು ಹೊಡೆದೂ ಹೊಡೆದೂ ಸುಸ್ತಾಯಿತು. ಅದರ ಡ್ರೈವರು ತಲೆ ಹೊರಗೆ ಹಾಕಿ, "ಏಯ್, ಮೀನು ಹಿಡೀತಿದ್ದೀಯೇನಲಾ?" ಎಂದು ಕೂಗಿದ. ಬಸ್ಸಿನವರೆಲ್ಲ ಗೊಳ್ಳೆಂದರು. ಬಸ್ಸು ಪಕ್ಕದಿಂದ ನುಗ್ಗಿ, ಎದೆಯುದ್ದ ಅಲೆ ಎಬ್ಬಿಸಿ, ನಮ್ಮವರನ್ನು ತಲೆಯಿಂದ ಕಾಲಿನವರೆಗೆ ತೋಯಿಸಿ ದಾಟಿಹೋಯಿತು. ನನಗೆ ಮೈ ಉರಿದುಹೋಯಿತು. ಅವರು ಅಂಗಿ ಹಿಂಡಿಕೊಂಡು ಬಂದು, ಬೆಲ್ಟು ಬಿಚ್ಚಿ, ನಿಧಾನಕ್ಕೆ ದಾಟಿಸಿದರು. ಎರಡು ಮೈಲಿ ಹೋದ ಮೇಲೆ ಅದೇ ಬಸ್ಸು ಬಾನೆಟ್ಟು ತೆರೆದು ನಿಂತಿತ್ತು, ಜನ ಮರದ ಕೆಳಗೆ. ಇನ್ನೇನು ಬೈಗುಳದ ಸುರಿಮಳೆಯಾಗುತ್ತದೆಂದು ನಾನು ಖುಷಿಯಿಂದ ಕಾದೆ. ಅವರು ಗಾಡಿ ನಿಧಾನಿಸಿ, "ಎಣ್ಣೆ ನೋಡ್ದೆ ಸೆಲ್ಫ್ ಹೊಡೀಬ್ಯಾಡ ಕಣಣ್ಣ" ಎಂದಷ್ಟೇ ಹೇಳಿ ಮುಂದಕ್ಕೆ ಹೋದರು.

ಇದು ಅವರ ವೇದವಾಕ್ಯ. ನೀರಿನಲ್ಲಿ ನಿಂತುಹೋದ ಗಾಡಿಗೆ ಸೆಲ್ಫ್ ಹೊಡೆಯಬಾರದು, ಅಂದರೆ ಬೀಗದ ಕೈ ತಿರುಗಿಸಿ ಮತ್ತೆ ಚಾಲೂ ಮಾಡಲು ಹೋಗಬಾರದು. ಮೊದಲು ಎಳೆಸಿ ಹೊರಗೆ ತರಬೇಕು, ಪ್ಲಗ್ಗು ಬಿಚ್ಚಬೇಕು, ಕೈಯಿಂದ ಹ್ಯಾಂಡಲ್ ತಿರುಗಿಸಿ ಒಳಗಿನ ನೀರು ಕಾರಿಸಬೇಕು. "ಗಾಳಿನ ಅಮುಕಬೌದು ಸಾ, ನೀರನ್ನ ಅಮುಕಕ್ಕಾಗಕಿಲ್ಲ. ಒಳಗೆ ನೀರಿದ್ದಾಗ ಸೆಲ್ಫ್ ಹೊಡೆದ್ರೆ ಇಂಜಿನ್ನಿನ ಮೂಳೆ ಮುರೀತದೆ." ಹತ್ತೊಂಬತ್ತು ವರ್ಷ ಸರ್ಕಾರಿ ಗಾಡಿ ಓಡಿಸಿ ಒಂದು ಇಂಜಿನ್ನನ್ನೂ ನೀರಿಗೆ ಕೊಟ್ಟಿರಲಿಲ್ಲ. ಬೇರೆ ಯಾವ ಜಂಬವೂ ಇಲ್ಲದ ಮನುಷ್ಯನಿಗೆ ಇದೊಂದು ಜಂಬವಿತ್ತು.

ಅವರು ದೇವರಂಥವರೇನೂ ಆಗಿರಲಿಲ್ಲ. ಮಹಾ ಮೊಂಡ. ನನ್ನ ಸಿಗರೇಟಿನ ಹೊಗೆಗೆ ಮುಖ ಕಿವುಚುತ್ತಿದ್ದರು. ಕಾಂಪೌಂಡರು ಕೆಸರುಗಾಲಿನಲ್ಲಿ ಹತ್ತಿದರೆ ಇಳಿಸಿ ಕಾಲು ತೊಳೆಸುತ್ತಿದ್ದರು. ಯಾವ ಊರಿಗೆ ಎಷ್ಟು ಹೊತ್ತಿಗೆ ತಲುಪುತ್ತೇವೆಂದು ಕೇಳಿದರೆ "ನೀರು ಹೇಳಬೇಕು" ಎಂದುಬಿಡುತ್ತಿದ್ದರು. ಇಂಥ ಉತ್ತರ ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು.

ನಮ್ಮ ಸೀಮೆಯ ರಸ್ತೆಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದೊಡನೆ ರೈತರು ಕೆರೆಯಂಗಳದ ಗೋಡುಮಣ್ಣನ್ನು ಅಗೆದು ಗಾಡಿಗಟ್ಟಲೆ ತೆಂಗಿನ ತೋಟಕ್ಕೆ ಹೊಡೆಯುತ್ತಾರೆ. ತೆಂಗಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಆದರೆ ಕೆರೆಯಂಚಿನ ದಾರಿಯ ಉದ್ದಕ್ಕೂ ಆಳುದ್ದದ ಗುಂಡಿ ಬಿದ್ದಿರುತ್ತವೆ. ಮಳೆ ಬಂದು ನೀರು ನಿಂತರೆ ಗುಂಡಿಗೂ ದಾರಿಗೂ ಒಂದೇ ಬಣ್ಣ. ಅವನ್ನು ಮುಚ್ಚಲು ಹಳ್ಳಿಯವರ ಕೈಗೆ ಸುಲಭಕ್ಕೆ ಸಿಗುವುದು ಕಾಯಿಮಟ್ಟೆ, ಅಂದರೆ ಸುಲಿದ ತೆಂಗಿನಕಾಯಿಯ ಸಿಪ್ಪೆ. ಪ್ರತಿ ಮನೆಯ ಹಿತ್ತಲಲ್ಲೂ ಅದರ ಗುಡ್ಡೆ ಬಿದ್ದಿರುತ್ತದೆ. ನಮ್ಮ ಡ್ರೈವರಿಗೆ ಇದೆಂದರೆ ಆಗುತ್ತಿರಲಿಲ್ಲ. "ಕಲ್ಲು ಹಾಕ್ದೋರು ಗುಂಡಿ ಮುಚ್ಚವ್ರೆ, ಮಟ್ಟೆ ಹಾಕ್ದೋರು ಗುಂಡಿ ಬಚ್ಚಿಟ್ಟವ್ರೆ" ಎನ್ನುತ್ತಿದ್ದರು.

ಅದು ಹಸ್ತ ಮಳೆಯ ಕಾಲ. ಐದು ದಿನ ಬಿಡದೆ ಸುರಿದು ಆರನೆಯ ದಿನ ಹೊಳವಾಗಿತ್ತು. ಹಿಂದಿನ ಸಂಜೆಯೇ ದಂಡಿನಶಿವರದಿಂದಾಚೆಯ ಒಂದು ಸಣ್ಣ ಹಳ್ಳಿಯಿಂದ ಸುದ್ದಿ ಬಂದಿತ್ತು: ಗಂಟಲುಬೇನೆ. ದನ ಸಾಕಿದವರ ಎದೆ ಒಡೆಯುವ ಕಾಯಿಲೆ ಅದು. ಬೆಳಗ್ಗೆ ಮೇವು ಬಿಟ್ಟ ಎತ್ತು ಗಂಟಲು ಊದಿ, ಗೊರಗೊರ ಉಸಿರೆಳೆದು ಮಾರನೆಯ ದಿನಕ್ಕೆ ಇರುವುದಿಲ್ಲ. ಆಗಲೇ ಮೂರು ಸತ್ತಿದ್ದವು. ಉಳಿದ ಅಷ್ಟೂ ದನಗಳಿಗೆ ಮಾರನೆಯ ದಿನವೇ ಲಸಿಕೆ ಹಾಕಬೇಕಿತ್ತು. ಲಸಿಕೆಯ ಬಾಟಲಿಗಳು ತಿಪಟೂರಿನಿಂದ ಬಂದವು. ಐಸ್‌ಕ್ಯಾಂಡಿ ಅಂಗಡಿಯ ಐಸು ತುಂಬಿದ ಮರದ ಪೆಟ್ಟಿಗೆಯಲ್ಲಿ ಅವನ್ನಿಟ್ಟುಕೊಂಡು ಹೊರಟಾಗ ಹನ್ನೊಂದು ಗಂಟೆ. ಐಸು ಕರಗಿ ನೀರು ಬಿಸಿಯಾದರೆ ಲಸಿಕೆ ಕೆಟ್ಟಂತೆಯೇ. ಮತ್ತೆ ತರಿಸಲು ಎರಡು ದಿನ ಬೇಕು. ಅಷ್ಟರಲ್ಲಿ ಊರಿನ ಕೊಟ್ಟಿಗೆಗಳು ಖಾಲಿ.

ದಾರಿಯಲ್ಲಿ ನಾಲ್ಕು ಕಡೆ ನೀರು. ನಾಲ್ಕು ಕಡೆಯೂ ಇಳಿದರು, ನಾಲ್ಕು ಕಡೆಯೂ ಕೋಲು ಊರಿದರು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. "ಇವತ್ತೇ ತಲುಪ್ತೀವೋ, ಇಲ್ಲಾ ದೀಪಾವಳಿಗೋ?" ಎಂದೆ. ಅವರು ಕೋಲು ಒರೆಸಿ ಸೀಟಿನ ಹಿಂದಿಟ್ಟರು.

ಐದನೆಯದು ಕೆರೆಯ ಏರಿ ಇಳಿದ ಮೇಲೆ. ಗಾಡಿಜಾಡು ಕೆರೆಯಂಚಿನಲ್ಲಿ ಸಾಗುವ ಕಡೆ ನೂರು ಹೆಜ್ಜೆಯಷ್ಟು ದೂರ ಬರೀ ನೀರು. ನಮಗಾಗಿ ಕಾದಿದ್ದ ಆ ಊರಿನ ರೈತರೊಬ್ಬರು ಟವೆಲ್ಲು ಬೀಸುತ್ತಾ ಓಡಿಬಂದರು. ಅವರ ಒಂದು ಎತ್ತು ಹಿಂದಿನ ದಿನ ಸತ್ತಿತ್ತು. ಜೊತೆಯದು ಇನ್ನೂ ಚೆನ್ನಾಗಿತ್ತು. ಅವರ ಮುಖ ನೋಡಲಾಗುತ್ತಿರಲಿಲ್ಲ.

"ಬನ್ನಿ ಸ್ವಾಮಿ, ಬನ್ನಿ. ಮಂಡಿಯುದ್ದ, ಅಷ್ಟೇಯ. ನೀವು ಬತ್ತೀರ ಅಂತ ಬೆಳಿಗ್ಗೆನೇ ನಾಕು ಗಾಡಿಯಷ್ಟು ಮಟ್ಟೆ ಹೊತ್ತು ಸುರಿದು ಸಮ ಮಾಡೀವಿ."

ನಮ್ಮವರು ಕೋಲು ತೆಗೆದುಕೊಂಡು ಇಳಿದರು. ನೀರಿಗಿಳಿಯದೆ ದಡದಲ್ಲೇ ನಿಂತು ನೋಡಿದರು. ನಡುವೆ ಒಂದು ಕಡೆ ಮಟ್ಟೆಗಳು ಗುಂಪುಗೂಡಿ ಮೆಲ್ಲಗೆ ಅಲ್ಲಾಡುತ್ತಿದ್ದವು.

"ತೇಲ್ತಾವೆ ಸಾ. ಕೂತಿಲ್ಲ. ಅಡಿಯಾಗೆ ಗೋಡು ತೆಗೆದ ಗುಂಡಿ ಐತೆ. ನಾನೊಂದು ಕಿತ ಇಳಿದು ನೋಡ್ತೀನಿ."

"ಎಷ್ಟು ಹೊತ್ತು?"

"ಬೆಲ್ಟು ಬಿಚ್ಚದೂ ಸೇರಿ ಅರ್ಧ ಗಂಟೆ." ಆಮೇಲೆ ದನಿ ತಗ್ಗಿಸಿ, "ಇಲ್ಲಾಂದ್ರೆ ಗಾಡಿ ಇಲ್ಲೇ ಬುಟ್ಟು ನಡೆಯಣ ಸಾ. ಬದುವಿನ ಮ್ಯಾಲೆ ಸುತ್ತು ಹಾಕಂಡು ಹೋದ್ರೆ ಎಲ್ಡು ಮೈಲಿ. ಪೆಟ್ಟಿಗೆ ನಾನು ಹೊರ್ತೀನಿ" ಎಂದರು.

ಎಷ್ಟು ಸರಳವಾದ ಮಾತು! ಇವತ್ತಿಗೂ ಆ ಮಾತು ನನ್ನ ಕಿವಿಯಲ್ಲಿದೆ. ನಾನು ಹೊಸ ಬೂಟು ಹಾಕಿದ್ದೆ. ಡಾಕ್ಟರು ಕೆಸರು ತುಳಿದುಕೊಂಡು ಊರಿಗೆ ಹೋಗುವುದೆಂದರೇನು ಎಂಬ ಕೊಬ್ಬು ಬೇರೆ. ಆ ರೈತರ ಎದುರಿಗೇ ಕೂಗಾಡಿದೆ.

"ನಿನ್ನ ನೀರುಗಂಟಿ ಶಾಸ್ತ್ರ ಮುಗಿಯೋ ಹೊತ್ತಿಗೆ ಅಲ್ಲಿ ದನ ಉಳಿದಿರಲ್ಲ. ಊರಿನವರೇ ಹೇಳ್ತಿದ್ದಾರೆ ಮಂಡಿಯುದ್ದ ಅಂತ. ಅವರಿಗಿಂತ ನಿನಗೆ ಗೊತ್ತಾ? ಹತ್ತು, ಹೊಡಿ!"

ಅವರು ನನ್ನನ್ನು ನೋಡಿದರು, ರೈತರನ್ನು ನೋಡಿದರು. ಕೋಲನ್ನು ಸೀಟಿನ ಹಿಂದೆ ಇಟ್ಟರು. ಎಲೆಯಡಿಕೆ ಉಗಿಯಲಿಲ್ಲ, ನುಂಗಿದರು. ಅದನ್ನು ನಾನು ಗಮನಿಸಿದೆ, ಗಮನಿಸಿಯೂ ಸುಮ್ಮನಿದ್ದೆ.

ಮೊದಲನೆ ಗೇರು. ಒಂದೇ ಸಮನೆ ಗುಯ್ಗುಟ್ಟುವ ಇಂಜಿನ್ನು. ನೀರು ಚಕ್ರ ಮುಚ್ಚಿತು. ಮಟ್ಟೆಗಳು ಬಂದು ಗಾಡಿಯ ಮೈಗೆ ದಡ್ ದಡ್ ಎಂದು ಬಡಿಯತೊಡಗಿದವು. ಬಾಗಿಲಿನ ಸಂದಿಯಿಂದ ನೀರು ಒಳಗೆ ಬಂದು ನನ್ನ ಹೊಸ ಬೂಟು ತೋಯಿಸಿತು. ನಾನು ಪೆಟ್ಟಿಗೆಯನ್ನು ತೊಡೆಯ ಮೇಲೆ ಎತ್ತಿಕೊಂಡೆ. ಅವರ ಕತ್ತಿನ ನರ ಬಿಗಿದಿತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಅರ್ಧ ದಾಟಿದೆವು. ಇನ್ನೇನು ಆಯಿತು ಎಂದುಕೊಂಡೆ, ಅಷ್ಟರಲ್ಲಿ ಮುಂದಿನ ಎಡಚಕ್ರ ಧೊಪ್ಪೆಂದು ಕುಸಿಯಿತು. ಗಾಡಿ ಮೂತಿ ತಗ್ಗಿಸಿ ನಿಂತಿತು. ಫ್ಯಾನು ನೀರನ್ನು ಚಿಮ್ಮಿಸಿದ ಸದ್ದು, ಎರಡು ಕೆಮ್ಮು, ಆಮೇಲೆ ಏನೂ ಇಲ್ಲ. ಮಟ್ಟೆಗಳ ಸದ್ದು ಮಾತ್ರ.

"ಏನನ್ನೂ ಮುಟ್ಟಬ್ಯಾಡಿ ಸಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಮಾತಾಡುವ ಹಾಗಿತ್ತು. "ಬರೀ ವೈರು ನೆಂದದೆ. ಒರೆಸಿ ಒಣಗಿಸಿದ್ರೆ ಎದ್ದೇಳ್ತದೆ. ಆದ್ರೆ ಮೂಗು ನೀರೊಳಗೈತೆ. ಸೆಲ್ಫ್ ಹೊಡೆದ್ರೆ ನೀರು ಎಳ್ಕತದೆ. ಮೊದಲು ಹಿಂದಕ್ಕೆ ಎಳೆಸ್ಬೇಕು. ಎತ್ತು ಬೇಕು."

ಎತ್ತು! ಆ ಊರಿನ ಒಂದು ಎತ್ತನ್ನೂ ಹೊರಗೆ ಬಿಡಬಾರದೆಂದು ಹಿಂದಿನ ದಿನ ಹೇಳಿಕಳಿಸಿದ್ದವನು ನಾನೇ. ರೈತರು ದಡದಲ್ಲಿ ತಲೆ ಮೇಲೆ ಕೈ ಹೊತ್ತು, "ಅಯ್ಯೋ, ಒಳ್ಳೇದಾಗ್ಲಿ ಅಂತ ಹಾಕಿದ್ವಲ್ಲಪ್ಪಾ" ಎಂದು ಗೋಳಾಡುತ್ತಿದ್ದರು. ಏರಿಯಾಚೆ ಬೇರೆ ಊರಿನವರ ತೋಟದ ಮನೆಯಿದೆ, ಅಲ್ಲಿ ಜೋಡೆತ್ತಿವೆ ಎಂದರು. ನಮ್ಮವರು ಸೊಂಟದ ನೀರಿಗೆ ಇಳಿದು ಅವರ ಜೊತೆ ಹೊರಟರು. ದಡ ಹತ್ತಿದ ಮೇಲೆ ಒಮ್ಮೆ ತಿರುಗಿ ನೋಡಿದರು. ಬೀಗದ ಕೈ ಗಾಡಿಯಲ್ಲೇ ಇತ್ತು. ತೆಗೆದುಕೊಂಡು ಹೋದರೆ ಡಾಕ್ಟರನ್ನು ನಂಬದ ಹಾಗಾಗುತ್ತದೆಂದು ಬಿಟ್ಟಿದ್ದರೋ ಏನೋ.

ಹತ್ತು ನಿಮಿಷ. ಕಾಲು ಗಂಟೆ. ಬಿಸಿಲು ಚುರುಗುಟ್ಟತೊಡಗಿತು. ಪೆಟ್ಟಿಗೆ ತೆರೆದು ನೋಡಿದೆ. ಇಟ್ಟಿಗೆಯಷ್ಟಿದ್ದ ಐಸು ನಿಂಬೆಹಣ್ಣಿನ ಗಾತ್ರಕ್ಕಿಳಿದಿತ್ತು. ಏರಿಯ ಮೇಲೆ ಯಾರೂ ಇಲ್ಲ. ಇಪ್ಪತ್ತು ನಿಮಿಷ. ಮತ್ತೆ ತೆರೆದೆ. ನನ್ನ ಕಣ್ಣ ಮುಂದೆ ಊದಿದ ಗಂಟಲುಗಳೇ. ವೈರು ನೆಂದಿದೆ ಅಂದರಲ್ಲ, ಬಿಸಿಲಿಗೆ ಈಗ ಒಣಗಿರಬೇಕು. ಒಂದೇ ಒಂದು ಸಲ ನೋಡೋಣ. ಈ ಮುದುಕನ ಮಾತೆಲ್ಲ ಮಾತಲ್ಲ. ಪಕ್ಕದ ಸೀಟಿಗೆ ಸರಿದು ಕೂತೆ. ಬೀಗದ ಕೈ ತಿರುಗಿಸಿದೆ.

ಇಂಜಿನ್ನು ಗುರ್ರೆಂದಿತು. ಬಿಟ್ಟೆ. ಮತ್ತೆ ತಿರುಗಿಸಿದೆ. ಗುರ್ರ್, ಗುರ್ರ್, ಆಮೇಲೆ ಒಳಗೆಲ್ಲೋ ಆಳದಲ್ಲಿ 'ಟಣ್' ಎಂದು ಒಂದೇ ಒಂದು ಸದ್ದು. ಮತ್ತೆ ತಿರುಗಿಸಿದರೆ ಬರೀ 'ಟಕ್'. ನಾನು ಮೊದಲಿನ ಜಾಗಕ್ಕೆ ಸರಿದು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಐದೇ ನಿಮಿಷಕ್ಕೆ ಏರಿಯ ಮೇಲೆ ಜೋಡೆತ್ತು ಕಾಣಿಸಿದವು. ಬರೀ ಐದು ನಿಮಿಷ.

ಹಗ್ಗ ಕಟ್ಟಿ ಗಾಡಿಯನ್ನು ಹಿಂದಕ್ಕೆಳೆದು ದಡಕ್ಕೆ ತಂದರು. ಅವರು ಬಾನೆಟ್ಟು ತೆರೆದರು. ಪ್ಲಗ್ಗು ಬಿಚ್ಚಿದ ತೂತಿನಿಂದ ಕೆಂಪು ನೀರು ಉಕ್ಕಿತು. ಅವರ ಕೈ ಅಲ್ಲೇ ನಿಂತಿತು. ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದರು. ಸ್ವಲ್ಪ ತಿರುಗಿ, ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಂತಿತು. ಇನ್ನೊಮ್ಮೆ ತಿರುಗಿಸಿದರು. ಅಲ್ಲೇ ನಿಂತಿತು. ಹ್ಯಾಂಡಲನ್ನು ಮೆಲ್ಲಗೆ ಹೊರತೆಗೆದು ಹುಲ್ಲಿನ ಮೇಲಿಟ್ಟು ನನ್ನ ಹತ್ತಿರ ಬಂದರು.

"ಸೆಲ್ಫ್ ಹೊಡೆದ್ರಾ ಸಾ?"

"ಇಲ್ಲ" ಎಂದೆ.

ಥೂ! ಬಾಯಿಗೆ ಎಷ್ಟು ಸಲೀಸಾಗಿ ಬಂತು ಆ ಮಾತು. ಅವರು ನನ್ನ ಕಣ್ಣನ್ನೇ ನೋಡಿದರು. ನಾನು ಪೆಟ್ಟಿಗೆ ನೋಡಿದೆ.

"ಆಯ್ತು ಬುಡಿ" ಎಂದರು. "ಪೆಟ್ಟಿಗೆ ಕೊಡಿ."

ಟವೆಲ್ಲನ್ನು ಸಿಂಬೆ ಸುತ್ತಿ, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ನಡೆದರು. ನಾನು ಹಿಂದೆ. ಎರಡೇ ಮೈಲಿ. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಊರು ತಲುಪಿದಾಗ ನಿಂಬೆಹಣ್ಣಿನಷ್ಟಿದ್ದ ಐಸು ಅಡಿಕೆಯಷ್ಟಾಗಿತ್ತು, ನೀರು ಇನ್ನೂ ಕೊರೆಯುತ್ತಿತ್ತು. ಒಂದೊಂದು ದನವನ್ನೂ ಅವರು ಮೂಗು ಹಿಡಿದು ನಿಲ್ಲಿಸಿದರು, ನಾನು ಚುಚ್ಚಿದೆ. ಆ ರೈತರ ಉಳಿದ ಎತ್ತಿನ ಕತ್ತು ತಬ್ಬಿ ಹಿಡಿದು, "ಏನೂ ಆಗಕಿಲ್ಲ ಕಣ್ಲಾ, ಸುಮ್ಕಿರು" ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದರು. ಆ ಊರಿನಲ್ಲಿ ಆಮೇಲೆ ಇನ್ನೊಂದು ಹಸು ಸತ್ತಿತು, ಉಳಿದವೆಲ್ಲ ಉಳಿದವು.

ಗಾಡಿ ಉಳಿಯಲಿಲ್ಲ. ಮೆಕ್ಯಾನಿಕ್ಕು ಬಿಚ್ಚಿ ನೋಡಿ, ಒಳಗಿನ ರಾಡು ಬಾಗಿ ಇಂಜಿನ್ನಿನ ಗೋಡೆ ಸೀಳಿದೆ, ನೀರಿನಲ್ಲಿ ಯಾರೋ ಸೆಲ್ಫ್ ಹೊಡೆದಿದ್ದಾರೆ ಎಂದು ಬರೆದುಕೊಟ್ಟ. ಮೇಲಿನ ಕಚೇರಿಯಿಂದ ಕಾಗದ ಬಂತು: ಯಾರು, ಹೇಗೆ, ಹೇಳಿಕೆ ಕಳಿಸಿ. ನನ್ನ ಕೆಲಸ ಖಾಯಂ ಆಗುವ ಕಾಗದವೂ ಅದೇ ಮೇಜಿನ ಮೇಲಿತ್ತು. ನಾನು ಒಂದು ಹೇಳಿಕೆ ಬರೆದೆ, ಅವರ ಹೆಸರಿನಲ್ಲಿ. ನೀರಿಗೆ ಇಳಿಸಿದ್ದು ತಾನೇ, ಗಾಡಿ ನಿಂತ ಮೇಲೆ ಸೆಲ್ಫ್ ಹೊಡೆದದ್ದೂ ತಾನೇ ಎಂದು. ಕರೆದು ಓದಿ ಹೇಳಿದೆ. ನಿಂತೇ ಕೇಳಿದರು.

"ನೀರಿಗೆ ಇಳಿಸಿದ್ದು ನಾನೇಯ" ಎಂದರು. "ಕಾಲಿಟ್ಟು ನೋಡ್ದೆ ಇಳಿಸ್ದೆ. ನೀವು ಬೈದ್ರಿ ಅಂತ ಇಳಿಸ್ದೆ. ಸ್ಟೇರಿಂಗು ನನ್ನ ಕೈಲಿತ್ತು, ತಪ್ಪು ನಂದೇ. ಅದಕ್ಕೆ ಸೈನು ಹಾಕ್ತೀನಿ. ಸೆಲ್ಫಿಗೆ ಹಾಕಾಕಿಲ್ಲ."

"ಏನು ವ್ಯತ್ಯಾಸ? ಹೇಗೂ ಬರೋದು ಒಂದೇ ಶಿಕ್ಷೆ."

"ನಿಮಗೆ ಒಂದೇ ಇರಬೌದು ಸಾ. ಯಾರು ಹೊಡೆದ್ರು ಅಂತ ನಾನು ಕೇಳ್ತಿಲ್ಲ. ನಾನಲ್ಲ. ಅಷ್ಟೇಯ."

ಆಗಲಾದರೂ ಹೇಳಬಹುದಿತ್ತು. ಬಾಗಿಲು ಹಾಕಿತ್ತು, ಇಬ್ಬರೇ ಇದ್ದೆವು. ನಾನು ಪೆನ್ನಿನ ಮುಚ್ಚಳ ತೆಗೆದೆ. ಸೆಲ್ಫಿನ ಸಾಲು ಹೊಡೆದುಹಾಕಿ ಕೊಟ್ಟೆ. ಅವರು ಉಳಿದದ್ದಕ್ಕೆ ನಿಧಾನವಾಗಿ ಸಹಿ ಹಾಕಿ ಹೋದರು. ಅವರು ಹೋದ ಮೇಲೆ ಬೇರೆ ಹಾಳೆಯಲ್ಲಿ ನನ್ನ ವರದಿ ಬರೆದೆ: ಘಟನೆಗೆ ಚಾಲಕನ ಅಜಾಗರೂಕತೆಯೇ ಕಾರಣ. ಅವರ ಹೆಸರು ಬರೆದೆ, ಕೆಳಗೆ ನನ್ನ ಸಹಿ ಹಾಕಿದೆ. ಸೆಲ್ಫ್ ಯಾರು ಹೊಡೆದರೆಂದು ಬರೆಯಲೇ ಇಲ್ಲ. ಓದಿದವರು ತಾವೇ ತುಂಬಿಕೊಂಡರು.

ಅವರನ್ನು ಗಾಡಿಯಿಂದ ಇಳಿಸಿದರು. ಆಸ್ಪತ್ರೆಯ ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿ, ದನ ಹೊಡೆದುಕೊಂಡು ಬರುವವರಿಗೆ ಚೀಟಿ ಕೊಡುವ ಕೆಲಸ ಕೊಟ್ಟರು. ನಿವೃತ್ತಿಯವರೆಗೆ ನಾಲ್ಕು ವರ್ಷ ಅಲ್ಲೇ ಕೂತರು. ರಿಪೇರಿಯಾಗಿ ಬಂದ ಗಾಡಿಗೆ ಹೊಸ ಹುಡುಗ ಬಂದ. ಮಳೆಗಾಲದಲ್ಲಿ ಗಾಡಿ ಒಳಗೆ ಬಂದೊಡನೆ ಅವರು ಎದ್ದು ಹೋಗಿ, ಯಾರೂ ಹೇಳದಿದ್ದರೂ ಬಾನೆಟ್ಟು ತೆಗೆದು, ಎಣ್ಣೆಯ ಕಡ್ಡಿ ಎಳೆದು ಬಿಸಿಲಿಗೆ ಹಿಡಿಯುತ್ತಿದ್ದರು. ನನ್ನನ್ನು ಕಂಡರೆ "ನಮಸ್ಕಾರ ಸಾ" ಎನ್ನುತ್ತಿದ್ದರು, ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ನಾನು ಏನಾದರೂ ಹೇಳುತ್ತೇನೆಂದು ಕಾದವರ ಹಾಗೆ. ನಾನು ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ನನ್ನ ಕೆಲಸ ಖಾಯಮ್ಮಾಯಿತು, ಚಿಕ್ಕನಾಯಕನಹಳ್ಳಿಗೆ ವರ್ಗವಾಯಿತು. ಬಿಟ್ಟರೆ ಸಾಕೆಂದು ಹೋದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ಆ ಕೋಲನ್ನು ಆಸರೆ ಕೊಟ್ಟು ನಿಲ್ಲಿಸಿದ್ದರು. ಮೂರು ಗೆರೆಯೂ ಹಾಗೇ ಇದ್ದವು.

ಊಟದ ಸಾಲಿನಲ್ಲಿ ಹಳೆಯ ಸಹೋದ್ಯೋಗಿಗಳೆಲ್ಲ ಕೂತಿದ್ದರು. ಸಾವಿನ ಮನೆಯ ಊಟದಲ್ಲೂ ನಮ್ಮ ಜನ ತಮಾಷೆ ಬಿಡುವುದಿಲ್ಲ. ಕಾಂಪೌಂಡರು, ಅವನಿಗೂ ಆಗಲೇ ವಯಸ್ಸಾಗಿತ್ತು, ಅನ್ನ ಕಲಸುತ್ತಾ ಹೇಳಿದ:

"ಏನೇ ಹೇಳಿ, ನಮ್ಮ ನೀರುಗಂಟಿಯಂಥ ಡ್ರೈವರು ಇಲ್ಲ ಬುಡ್ರಪ್ಪ. ಊರಿಗೆಲ್ಲ ಸೆಲ್ಫ್ ಹೊಡೀಬ್ಯಾಡಿ ಅಂತ ಬುದ್ಧಿ ಹೇಳಿ, ಕೊನೆಗೆ ತಾನೇ ಹೊಡೆದು ಇಂಜಿನ್ನು ಮುಳುಗಿಸ್ದ ನೋಡಿ!"

ಸಾಲೆಲ್ಲ ನಕ್ಕಿತು. ಕೆಟ್ಟ ನಗೆಯಲ್ಲ ಅದು, ಪ್ರೀತಿಯ ನಗೆ. ವರ್ಷವರ್ಷ ನಕ್ಕು ಸವೆದ ನಗೆ. ಅಂದರೆ ಅವರು ಗೇಟಿನ ಹತ್ತಿರ ಕೂತಿದ್ದಾಗಲೂ ಇದನ್ನು ಕೇಳಿಸಿಕೊಂಡಿದ್ದಾರೆ. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಅವರು ಹೊಡೀಲಿಲ್ಲ" ಎಂದೆ. ಯಾರಿಗೂ ಕೇಳಲಿಲ್ಲ. ಎಲೆ ಬಿಟ್ಟು ಎದ್ದು ನಿಂತೆ. "ಸೆಲ್ಫ್ ಹೊಡೆದದ್ದು ನಾನು. ಅವರು ಎತ್ತು ತರೋಕೆ ಹೋಗಿದ್ರು. ಮುಟ್ಟಬೇಡಿ ಅಂತ ಹೇಳಿ ಹೋಗಿದ್ರು. ನಾನು ಹೊಡೆದೆ. ಕೇಳಿದಾಗ ಇಲ್ಲ ಅಂದೆ."

ಬಡಿಸುತ್ತಿದ್ದವನ ಸೌಟು ನಿಂತಿತು. ಕಾಂಪೌಂಡರು ನನ್ನನ್ನೂ ತನ್ನ ಎಲೆಯನ್ನೂ ನೋಡಿ ತಲೆ ತಗ್ಗಿಸಿದ. ನಾನು ಕೈ ತೊಳೆದು, ಒಳಬಾಗಿಲಿನ ಹತ್ತಿರ ಗೋಡೆಗೊರಗಿ ಕೂತಿದ್ದ ಅವರ ಹೆಂಡತಿಯ ಮುಂದೆ ಹೋಗಿ ನಿಂತೆ. ಎಲ್ಲ ಕೇಳಿಸಿಕೊಂಡಿದ್ದರು. ಅಮ್ಮಾ ಎಂದೆ.

"ಗೊತ್ತಿತ್ತು ಸ್ವಾಮಿ" ಎಂದರು ಆಕೆ. "ಅವತ್ತು ರಾತ್ರಿನೇ ನಂಗೆ ಹೇಳಿದ್ರು. ಹುಡುಗ ಹೆದರವ್ನೆ ಕಣೇ, ಸಿಟ್ಟು ಜಾಸ್ತಿ, ಕೆಟ್ಟೋನಲ್ಲ, ಒಂದಲ್ಲ ಒಂದಿನ ಬಂದು ಹೇಳ್ತಾನೆ ಅಂದಿದ್ರು. ಗಾಡಿ ಸದ್ದು ಕೇಳಿದ್ರೆ ನೀವೇನೋ ಅಂತ ಬಾಗಿಲಿಗೆ ಬಂದು ನೋಡೋರು."

ಸೆರಗಿನಿಂದ ಮುಖ ಒರೆಸಿಕೊಂಡರು. ಕೋಪವಿರಲಿಲ್ಲ ದನಿಯಲ್ಲಿ.

"ಹನ್ನೊಂದು ದಿನ ತಡ ಮಾಡ್ಬುಟ್ರಲ್ಲ ಸ್ವಾಮಿ."